ಐನ್‌ಮನೆಯ ಮಾಡು ಬಿಚ್ಚಿ ಮತ್ತೆ ಹೊದಿಸಿದ ಕಥೆ

ನಮ್ಮ ಐನ್‌ಮನೆಯ ರಿಪೇರಿ ಕೊನೆಗೂ ಮುಗಿಯಿತು. ಮುಗಿಯಿತು ಅಂದರೆ, ಈ ಮಳೆಗಾಲದಲ್ಲಿ ನಡುಬಾಡೆಗೆ, ಅಂದರೆ ನಡುಮನೆಗೆ, ಬಕೆಟ್ ಇಡಬೇಕಾಗಲಿಲ್ಲ, ಅಷ್ಟೇ. ಸಣ್ಣಪುಟ್ಟ ಕೆಲಸ ಇನ್ನೂ ಇದೆ. ಕೊಡಗಿನಲ್ಲಿ ಈಗ ಎಷ್ಟೋ ಒಕ್ಕದವರು ಇದೇ ಯೋಚನೆಯಲ್ಲಿದ್ದಾರೆ, ನೆಂಟರ ಮದುವೆಗೆ ಹೋದಲ್ಲೆಲ್ಲ ಇದೇ ಮಾತು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಕೂತು ಬರೆದುಬಿಡೋಣ ಅನಿಸಿತು.

ಹೊರಗಿನವರಿಗೆ ಎರಡು ಮಾತು. ಒಕ್ಕ ಅಂದರೆ ಒಂದೇ ಮೂಲದಿಂದ ಬಂದ ಕುಟುಂಬಗಳೆಲ್ಲ ಸೇರಿದ್ದು. ಆ ಒಕ್ಕದ ಮೂಲಮನೆ ಐನ್‌ಮನೆ. ಕೊಡವರಿಗೆ ಮಾತ್ರವಲ್ಲ, ಅರೆಭಾಷೆ ಗೌಡರಿಗೂ ಕೊಡಗಿನ ಬೇರೆ ಕೆಲವು ಸಮುದಾಯದವರಿಗೂ ಐನ್‌ಮನೆಗಳಿವೆ. ನಮ್ಮದು ಹುದಿಕೇರಿ ಕಡೆ. ಎರಡೂ ಬದಿ ಮಣ್ಣಿನ ದಿಂಡು ಇರುವ ಓಣಿಯಲ್ಲಿ ನಡೆದು ಬಂದರೆ ಮೊದಲು ಕಳ, ಅಂದರೆ ಕಣ, ಅದರ ಪಕ್ಕ ಗುರುಕಾರಣರ (ಒಕ್ಕದ ಹಿರಿಯರ) ಗುಡಿ, ಕೈಮಡ. ಮೆಟ್ಟಿಲು ಹತ್ತಿದರೆ ಕೈಯಾಲೆ, ಅಂದರೆ ಜಗಲಿ. ಕಂಬದಿಂದ ಕಂಬಕ್ಕೆ ದಪ್ಪ ಹಲಗೆಯ ಐಮರ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ. ನೈಋತ್ಯದ ಮೂಲೆಯಲ್ಲಿ ಕನ್ನಿಕೊಂಬರೆ, ಅಂದರೆ ಕಾರಣರ ಪೂಜೆಯ ಕೋಣೆ. ನಡುವೆ ಆಕಾಶ ಕಾಣುವ ಒಳ ಅಂಗಳ.

ನಾನು ಚಿಕ್ಕವನಿದ್ದಾಗ ಈ ಮನೆ ಕನ್ನಡಿಯಂತೆ ಇತ್ತು. ಅಜ್ಜಿ ಬೆಳಗ್ಗೆ ಕೆಂಪು ನೆಲ ಒರೆಸಿ, ಹಳೆ ಬಟ್ಟೆಯಲ್ಲಿ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದರು. ನಾವು ಸಾಕ್ಸ್ ಹಾಕಿಕೊಂಡು ಜಾರಿ ಬೈಸಿಕೊಳ್ಳುತ್ತಿದ್ದೆವು. ಗೋಡೆಯಲ್ಲಿ ಕಾರ್ಯಪ್ಪ, ತಿಮ್ಮಯ್ಯ ಅವರ ಫೋಟೋ, ಒಕ್ಕದ ಗುಂಪು ಫೋಟೋ, ಕಾಟಿಯ (ಕಾಡುಕೋಣದ) ಕೊಂಬು, ಒಡಿಕತ್ತಿ. ಮೂಲೆಯಲ್ಲಿ ಉದ್ದ ಕೈಯ ಆರಾಮ ಕುರ್ಚಿ, ಅದರಲ್ಲಿ ಅಜ್ಜನನ್ನು ಬಿಟ್ಟು ಬೇರೆ ಯಾರೂ ಕೂರುವ ಹಾಗಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ತೋಟದಲ್ಲಿ ಬೇರೆ ಮನೆ ಕಟ್ಟಿಕೊಂಡರು, ಉಳಿದವರು ಮೈಸೂರು, ಬೆಂಗಳೂರು ಅಂತ ಹೋದರು. ಐನ್‌ಮನೆಯ ಬಾಗಿಲು ಸುಗ್ಗಿಯ ಹಬ್ಬ ಪುತ್ತರಿಗೆ ಒಮ್ಮೆ, ಕಾರಣರಿಗೆ ಎಡೆ ಇಡುವಾಗ ಒಮ್ಮೆ ತೆರೆಯುವಂತಾಯಿತು. ಮನೆ ಹಾಳಾಗಲು ಅಷ್ಟು ಸಾಕು.

ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್‌ಗೆ ಎಲ್ಲರೂ ಸೇರಿದ್ದಾಗ ಮಾತು ಶುರುವಾಯಿತು. ಅಡುಗೆಮನೆ ಕಡೆಯ ಮಾಡು, ಅಂದರೆ ಚಾವಣಿ, ಒಂದು ಅಡಿ ಕೆಳಗೆ ಬಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ನಮ್ಮ ಬಲ್ಯಪ್ಪ, ಅಂದರೆ ದೊಡ್ಡಪ್ಪ, ಒಕ್ಕದ ಪಟ್ಟೆದಾರ, ಅಂದರೆ ಯಜಮಾನ. ಅವರು ಮಾತಾಡುವ ಮೊದಲೇ ಹುಡುಗರೆಲ್ಲ ಒಂದೊಂದು ಪ್ಲಾನ್ ಹೇಳಿಬಿಟ್ಟರು. ತಾರಸಿ ಹಾಕೋಣ ಅಂತ ಒಬ್ಬ. ಕಬ್ಬಿಣದ ಟ್ರಸ್ ಮೇಲೆ ಶೀಟ್ ಹಾಕಿ, ಚೆಂದಕ್ಕೆ ಮೇಲೆ ಹೆಂಚು ಕೂರಿಸೋಣ ಅಂತ ಇನ್ನೊಬ್ಬ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿಬಿಡಿ, ಖರ್ಚು ನನ್ನದು ಅಂತ ದುಬೈಯಿಂದ ವಿಡಿಯೋ ಕಾಲ್‌ನಲ್ಲಿ ಮತ್ತೊಬ್ಬ. ಬಲ್ಯಪ್ಪ ಎಲ್ಲ ಕೇಳಿ, "ಹಾಗಾದ್ರೆ ಹೊಸ ಮನೆ ಕಟ್ಟಿ. ಇದನ್ನು ಯಾಕೆ ಮುಟ್ತೀರಿ?" ಅಂದರು. ಸಭೆ ಅಲ್ಲಿಗೆ ತಣ್ಣಗಾಯಿತು.

ದುಡ್ಡಿನ ವಿಷಯ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಮನೆಗೆ ಇಷ್ಟು ಅಂತ ಹಾಕಿದರೆ ಒಂಟಿಯಾಗಿರುವ ವಯಸ್ಸಾದವರಿಗೆ ಭಾರ. ತಲೆಗೆ ಇಷ್ಟು ಅಂದರೆ ದೊಡ್ಡ ಸಂಸಾರದವರಿಗೆ ಭಾರ. ಕೊನೆಗೆ ಪ್ರತಿ ಮನೆಯಿಂದ ಒಂದು ಕನಿಷ್ಠ ಮೊತ್ತ, ಅದರ ಮೇಲೆ ಅವರವರ ಇಷ್ಟ ಅಂತ ತೀರ್ಮಾನವಾಯಿತು. ಜಾಸ್ತಿ ಕೊಟ್ಟವರ ಹೆಸರಿನ ಕಲ್ಲು ಹಾಕುವುದಿಲ್ಲ ಅಂತಲೂ ಬರೆದುಕೊಂಡೆವು. ಈ ಕೊನೆಯ ಸಾಲು ಬಹಳ ಮುಖ್ಯ, ನಗಬೇಡಿ. ಆ ಕಲ್ಲಿನ ವಿಷಯಕ್ಕೇ ಮಾತು ಬಿಟ್ಟ ಒಕ್ಕಗಳಿವೆ.

ಒಕ್ಕದ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದರೆ ನೋಂದಣಿ ಪತ್ರ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಮಾಡಲು ಕಡಿಮೆ ಅಂದರೂ 7 ಜನ ಬೇಕು, ಬೈಲಾ ಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು. ದೊಡ್ಡ ಒಕ್ಕಕ್ಕೆ ಅದೇ ಒಳ್ಳೆಯದು. ನಾವು ಸದ್ಯಕ್ಕೆ ಮೂವರ ಜಂಟಿ ಖಾತೆ ತೆರೆದೆವು. ಇಬ್ಬರ ಸಹಿ ಇಲ್ಲದೆ ದುಡ್ಡು ತೆಗೆಯುವ ಹಾಗಿಲ್ಲ. ಪ್ರತಿ ಬಿಲ್ಲಿನ ಫೋಟೋ ಅದೇ ದಿನ ಒಕ್ಕದ ವಾಟ್ಸಾಪ್ ಗುಂಪಿಗೆ. ಹಾಗೆ ಮಾಡಿದ್ದರಿಂದ ಲೆಕ್ಕದ ಬಗ್ಗೆ ಒಂದು ಮಾತೂ ಬರಲಿಲ್ಲ. ಬಣ್ಣದ ಬಗ್ಗೆ ಬಂತು, ಅದು ಬೇರೆ ಕಥೆ.

ಆಚಾರಿಯವರನ್ನು ಕರೆಸಿದೆವು. ಹಳೆ ಮನೆಗಳಲ್ಲೇ ಕೆಲಸ ಮಾಡಿ ವಯಸ್ಸಾದವರು. ಟೇಪು ಹಿಡಿದು ಅಳೆಯುತ್ತಾರೆ ಅಂದುಕೊಂಡಿದ್ದೆ. ಅವರು ಜೇಬಿನಿಂದ ಒಂದು ಹಳೆ ಸ್ಕ್ರೂ ಡ್ರೈವರ್ ತೆಗೆದರು. ಏಣಿ ಹತ್ತಿ ಪ್ರತಿ ಪಕ್ಕಾಸಿನ (ಮಾಡಿನ ಇಳಿಜಾರು ತೊಲೆಯ) ತುದಿ, ಅದು ಗೋಡೆಯ ಮೇಲೆ ಕೂರುವ ಜಾಗ, ಎಲ್ಲ ಕಡೆ ಚುಚ್ಚುತ್ತಾ ಹೋದರು. ಗಟ್ಟಿ ಮರದಲ್ಲಿ ಅದು ಟಕ್ ಅಂತ ನಿಲ್ಲುತ್ತಿತ್ತು. ಅಡುಗೆಮನೆ ಕಡೆ ಹಿಡಿಯವರೆಗೂ ಒಳಗೆ ಹೋಯಿತು, ಹಿಂದಕ್ಕೆ ಎಳೆದರೆ ಕಂದು ಪುಡಿ ಸುರಿಯಿತು. ಹೊರಗಿನಿಂದ ನೋಡಿದರೆ ಅದೇ ಪಕ್ಕಾಸಿಗೆ ಮಿರಿಮಿರಿ ಬಣ್ಣ.

"ಇಲ್ಲಿ ಒಲೆ ಉರಿಯೋದು ಯಾವಾಗ ನಿಂತಿತು?" ಅಂತ ಕೇಳಿದರು. ಬಲ್ಯವ್ವ, ಅಂದರೆ ದೊಡ್ಡಮ್ಮ, ಲೆಕ್ಕ ಹಾಕಿ ಹೇಳಿದರು. ಆಚಾರಿ ತಲೆಯಾಡಿಸಿದರು. ಸೌದೆ ಒಲೆಯ ಹೊಗೆ ದಿನಾ ಮಾಡಿಗೆ ತಾಗುತ್ತಿದ್ದಾಗ ಮರ ಒಣಗಿಯೇ ಇರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಒಲೆ ನಿಂತ ಮೇಲೆ ಕೊಡಗಿನ ಮಳೆಯ ತೇವ ಒಳಗೇ ಉಳಿಯಿತು. ನಾವೆಲ್ಲ ಕೆಮ್ಮುತ್ತಾ ಬೈಯುತ್ತಿದ್ದ ಹೊಗೆಯೇ ಮನೆಯನ್ನು ಕಾಯುತ್ತಿತ್ತು.

ಅವರು ಹಾಕಿಕೊಟ್ಟ ಕ್ರಮ ಇದು: ಮೊದಲು ಮಾಡು, ಆಮೇಲೆ ನೀರು ಹೋಗುವ ದಾರಿ, ಆಮೇಲೆ ಗೋಡೆ, ವಯರಿಂಗ್, ಕೊನೆಗೆ ನೆಲ, ಕಂಬ, ಅಲಂಕಾರ. ಎಲ್ಲರಿಗೂ ಮೊದಲು ಕಂಬಕ್ಕೆ ಪಾಲಿಶ್ ಹಾಕಿಸುವ ಆಸೆ. ಫೋಟೋದಲ್ಲಿ ಕಾಣುವುದು ಅದೇ ಅಲ್ವಾ. ದಯವಿಟ್ಟು ತಡೆದುಕೊಳ್ಳಿ.

ಇನ್ನು ಮರದ ವಿಷಯ. ನಮ್ಮ ಬಾಣೆಯಲ್ಲಿ ಮಳೆಗೆ ಬಿದ್ದ ಹೆಬ್ಬಲಸಿನ ಮರ ಒಂದಿತ್ತು. ಹಿಂದೆ ಗದ್ದೆಯ ಜೊತೆ ಬಾಣೆ ಕೊಟ್ಟಿದ್ದೇ ಸೊಪ್ಪು, ಸೌದೆ, ಮನೆಗೆ ಬೇಕಾದ ಮರಕ್ಕೆ ಅಂತ. ಹಾಗಾಗಿ ಕುಯ್ಸಿಕೊಂಡು ಬಂದರೆ ಆಯಿತು ಅಂತ ಕುಂಞಪ್ಪನ, ಅಂದರೆ ಚಿಕ್ಕಪ್ಪನ, ವಾದ. ಅಷ್ಟು ಸುಲಭ ಇಲ್ಲ. ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಇದೆ. ಬಿದ್ದ ಮರವಾದರೂ ಅರ್ಜಿ ಹಾಕಬೇಕು, ಅರಣ್ಯ ಇಲಾಖೆಯವರು ಬಂದು ನೋಡಿ ಅಳೆಯಬೇಕು, ದಿಮ್ಮಿಗೆ ಮುದ್ರೆ ಬೀಳಬೇಕು, ಮಿಲ್ಲಿಗೆ ಒಯ್ಯಲು ಪಾಸ್ ಬೇಕು. ಜಾಗ ರಿಡೀಮ್ಡ್ ಹೌದೋ ಅಲ್ಲವೋ ಅನ್ನುವುದನ್ನೂ ನೋಡುತ್ತಾರೆ. ಮರದ ಬೆಲೆಯನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿದ್ದರೆ ರಿಡೀಮ್ಡ್. ಇಲ್ಲವಾದರೆ ಮರದ ಬೆಲೆ ಕಟ್ಟುವ ಪ್ರಶ್ನೆ ಬರುತ್ತದೆ.

ನಮಗೆ ಸಿಕ್ಕಿಹಾಕಿಕೊಂಡದ್ದು ಪಹಣಿಯಲ್ಲಿ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಾಗದ, ಪಹಣಿ ಪಟ್ಟೆದಾರರ ಹೆಸರಲ್ಲಿ ಬರುತ್ತಿತ್ತು. ನಮ್ಮದರಲ್ಲಿ ತೀರಿಹೋದ ಅಜ್ಜಂದಿರ ಹೆಸರುಗಳು ಸಾಲಾಗಿ ಕೂತಿದ್ದವು. ವಂಶವೃಕ್ಷ ಮಾಡಿಸಲು ನಾಡಕಚೇರಿಗೆ ಹೋದರೆ ಮರಣ ಪತ್ರ ಕೇಳಿದರು. ಇಬ್ಬರ ಸಾವು ನೋಂದಣಿಯೇ ಆಗಿರಲಿಲ್ಲ. ವರ್ಷ ದಾಟಿದ ಸಾವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಒಂದು ಕಚೇರಿಯಲ್ಲಿ ಅರ್ಜಿ ಕಳೆದುಹೋಗಿ ಮತ್ತೆ ಬರೆದುಕೊಟ್ಟೆವು, ಇನ್ನೊಂದರಲ್ಲಿ ಅಜ್ಜನ ಹೆಸರಿನ ಕಾಗುಣಿತ ಎರಡು ಕಡೆ ಎರಡು ಥರ ಇದೆ ಅಂತ ವಾಪಸ್ ಬಂತು. ಅಷ್ಟರಲ್ಲಿ ಪುತ್ತರಿ ಕಳೆಯಿತು.

ಇದರಿಂದ ನಿಮಗೆ ಹೇಳುವುದು ಇಷ್ಟೇ. ರಿಪೇರಿಯ ಯೋಚನೆ ಬಂದ ದಿನವೇ ಪಹಣಿ ತೆಗೆಸಿ ನೋಡಿ, ವಂಶವೃಕ್ಷಕ್ಕೆ ಅರ್ಜಿ ಹಾಕಿ. ಮನೆ ಕೆಲಸಕ್ಕೆ ಬೇಕಾಗದಿದ್ದರೂ ಒಂದಲ್ಲ ಒಂದಕ್ಕೆ ಬೇಕಾಗುತ್ತದೆ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯಾ ಅಂತ ಕೂತು ಹೋಲಿಸಿ. ಮತ್ತೆ, ಸ್ವಂತ ಮರ ಸಿಕ್ಕಿದರೂ ಹಸಿ ಮರ ಹಾಗೇ ಮಾಡಿಗೆ ಏರಿಸುವಂತಿಲ್ಲ. ಕುಯ್ಸಿದ ಮೇಲೆ ನೆರಳಲ್ಲಿ ಗಾಳಿಯಾಡುವಂತೆ ಅಟ್ಟಿ ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ನಮ್ಮ ಹೆಬ್ಬಲಸು ಈಗ ಕಳದ ಪಕ್ಕದ ಕೊಟ್ಟಿಗೆಯಲ್ಲಿ ಒಣಗುತ್ತಿದೆ. ಕೆಲಸಕ್ಕೆ ಬಂದದ್ದು ಕೆಡವಿದ ಮನೆಗಳ ಹಳೆ ಮರ ಮಾರುವ ಅಂಗಡಿಯ ತೊಲೆಗಳು. ಚೆನ್ನಾಗಿ ಒಣಗಿದ ಮರ, ಆದರೆ ಒಳಗೆ ಮೊಳೆ ಉಳಿದಿರುತ್ತದೆ, ಮಿಲ್ಲಿನವರು ಗರಗಸ ಹಾಳಾಗುತ್ತದೆ ಅಂತ ಕುಯ್ಯಲು ಒಪ್ಪುವುದಿಲ್ಲ. ಮೊಳೆ ಕೀಳಲು ಪ್ರತ್ಯೇಕ ಕೂಲಿ ಕೊಡಬೇಕಾಯಿತು. ಬಿಲ್ ಇಲ್ಲದೆ ಗಾಡಿಗೆ ಹೇರಿಸಬೇಡಿ, ಚೆಕ್‌ಪೋಸ್ಟಿನಲ್ಲಿ ಕೇಳುತ್ತಾರೆ.

ಕೆಲಸ ಶುರುವಾಗಿದ್ದು ಕಾಫಿ ಕೊಯ್ಲಿನ ಹೊತ್ತಿಗೆ. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ. ಹೆಂಚು ಇಳಿಸಲು ಆಳು ಎಲ್ಲಿಂದ ತರುವುದು? ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ದುಡ್ಡು ಬಿಟ್ಟು ನಮ್ಮ ಮಾಡು ಹತ್ತಲು ಯಾರೂ ತಯಾರಿರಲಿಲ್ಲ, ಅವರದ್ದು ತಪ್ಪೂ ಅಲ್ಲ. ಕೊನೆಗೆ ಒಕ್ಕದ ಹುಡುಗರೇ ರಜೆ ಹಾಕಿ ಬಂದರು. ಸಾಫ್ಟ್‌ವೇರ್‌ನವರು, ಬ್ಯಾಂಕಿನವರು, ಒಬ್ಬ ಫೌಜಿ. ಏಣಿಯ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ಇಳಿಸಿದರು. ಫೌಜಿ ಒಬ್ಬನ ಹೆಂಚು ಮಾತ್ರ ಒಡೆಯಲಿಲ್ಲ.

ಹೆಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಬೇರೆ ಕಾರ್ಖಾನೆಗಳೂ ಬಂದವು. ಹುಲ್ಲಿನ ಮಾಡು ಇದ್ದ ಮನೆಗಳೆಲ್ಲ ನಿಧಾನಕ್ಕೆ ಹೆಂಚಿಗೆ ಬದಲಾದವು. ಹೆಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಇಳಿಸಿದಾಗ ನೋಡಿದರೆ ನಮ್ಮ ಮಾಡಿನಲ್ಲಿ ನಾಲ್ಕಾರು ಹೆಸರುಗಳು. ಒಡೆದಾಗಲೆಲ್ಲ ಸಿಕ್ಕಿದ್ದು ತಂದು ತುರುಕಿದ್ದರು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರುವುದಿಲ್ಲ, ಒಂದಕ್ಕೊಂದು ಕೂರುವ ಅಂಚಿನ ಗಾಡಿ (ಸೀಳು) ಒಂದು ನೂಲು ಆಚೆ ಈಚೆ. ಸೋರುತ್ತಿದ್ದುದು ಸರಿಯಾಗಿ ಆ ಸಂದಿಗಳಲ್ಲೇ. ಹಾಗಾಗಿ ಹೆಸರು ನೋಡಿ ಬೇರೆ ಬೇರೆ ಅಟ್ಟಿ ಮಾಡಿ. ಒಂದು ಇಳಿಜಾರಿಗೆ ಒಂದೇ ಹೆಸರಿನ ಹೆಂಚು ಹಾಕಿಸಿ. ಪ್ರತಿ ಹೆಂಚನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಒಳ್ಳೆಯದು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕೂ ಹೀಗೆ ಸಿಗುತ್ತದೆ. ಬಲ್ಯವ್ವ ಕಳದಲ್ಲಿ ಮೊಣೆ ಹಾಕಿ ಕೂತು ದಿನವಿಡೀ ತಟ್ಟಿದರು. ಕಿವಿ ಸ್ವಲ್ಪ ಮಂದ ಅಂತ ನಾವು ಅಂದುಕೊಂಡಿದ್ದೆವು. ಅವರು ಒಳ್ಳೆಯದು ಅಂತ ಆರಿಸಿಟ್ಟ ಒಂದು ಹೆಂಚೂ ಸೋರಲಿಲ್ಲ.

ಪಕ್ಕಾಸು ಬದಲಾಯಿಸಿ, ಹೆಂಚು ಕೂರುವ ರೀಪು ಪಟ್ಟಿ ಹೊಡೆದು, ಅರ್ಧ ಮಾಡು ತೆರೆದಿದ್ದಾಗ ಹೂಮಳೆ ಬಂತು. ಮಾರ್ಚ್ ತಿಂಗಳಲ್ಲಿ ಕಾಫಿಯವರೆಲ್ಲ ಆಕಾಶ ನೋಡಿ ಕಾಯುವ ಮಳೆ ಅದು. ಊರಿಗೆ ಊರೇ ಖುಷಿ, ನಾವು ಮಾತ್ರ ಕತ್ತಲಲ್ಲಿ ಟಾರ್ಪಾಲ್ ಎಳೆಯುತ್ತಿದ್ದೆವು. ಒಳ ಅಂಗಳದ ನಾಲ್ಕು ಮೂಲೆಗಳಲ್ಲಿ ಎರಡು ಇಳಿಜಾರು ಸೇರುವ ತಗ್ಗು ಇದೆಯಲ್ಲ, ಅಲ್ಲಿಯ ಹಳೆ ತಗಡು ತೂತಾಗಿತ್ತು. ಮಳೆ ಬಂದಿದ್ದರಿಂದಲೇ ಅದು ಗೊತ್ತಾಯಿತು. ಟಾರ್ಪಾಲ್ ಬಾಡಿಗೆಗೆ ತರಬೇಡಿ, ಕೊಂಡುಬಿಡಿ. ಮುಂದೆ ಕಾಳುಮೆಣಸು ಒಣಗಿಸಲು ಆಗುತ್ತದೆ.

ಗೋಡೆ ಮಣ್ಣಿನದು, ಒಂದೂವರೆ ಅಡಿ ದಪ್ಪ. ಹಿಂದೆ ಯಾರೋ ಕೆಳಭಾಗಕ್ಕೆ ಸಿಮೆಂಟ್ ಗಾರೆ ಮಾಡಿಸಿದ್ದರು. ತೇವ ಹೊರಗೆ ಬರಲಾಗದೆ ಒಳಗೆ ಮಣ್ಣು ಕೆಸರಾಗಿತ್ತು, ಗಾರೆ ಹೊಟ್ಟೆ ಬಂದಂತೆ ಉಬ್ಬಿತ್ತು. ಪೂರ್ತಿ ಕೀಳಿಸಿ ಸುಣ್ಣದ ಗಾರೆ ಮಾಡಿಸಿ, ಸುಣ್ಣವನ್ನೇ ಬಳಿಸಿದೆವು. ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ. ಬಣ್ಣದ ಜಗಳ ಅಂದೆನಲ್ಲ, ಅದು ಇಲ್ಲಿ. ಬೆಂಗಳೂರಿನ ಅತ್ತಿಗೆಗೆ ತಿಳಿ ಬೂದು ಬಣ್ಣ ಇಷ್ಟ. ಸುಣ್ಣದಲ್ಲಿ ಆ ಬಣ್ಣ ಬರುವುದಿಲ್ಲ ಅಂತ ಮೇಸ್ತ್ರಿ ಹೇಳಿದರು. ನಿಜವೋ ಸುಳ್ಳೋ, ನಾನು ಕೇಳಲು ಹೋಗಲಿಲ್ಲ.

ನೆಲದ ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ. ರೆಡ್ ಆಕ್ಸೈಡ್ ನೆಲಕ್ಕೆ ಹೊಸ ತೇಪೆ ಹಾಕಿದರೆ ಹಳೆಯದಕ್ಕೆ ಯಾವತ್ತೂ ಹೊಂದುವುದಿಲ್ಲ. ಆ ಬಣ್ಣ ಬಂದಿರುವುದು ಪುಡಿಯಿಂದ ಮಾತ್ರವಲ್ಲ, ವರ್ಷಗಟ್ಟಲೆ ಎಣ್ಣೆ, ಕಾಲು, ಒರೆಸುವ ಬಟ್ಟೆಯಿಂದ. ಕಾಲಿಗೆ ತಾಗುವಷ್ಟು ಕಿತ್ತುಹೋದ ಅಡುಗೆಮನೆಗೆ ಹೊಸದಾಗಿ ಹಾಕಿಸಿದೆವು. ವಾರವಿಡೀ ನೀರು ನಿಲ್ಲಿಸಿ, ಆಮೇಲೆ ಎಣ್ಣೆ ಹಚ್ಚಿ ಉಜ್ಜಿದೆವು. ನಡುಬಾಡೆಯ ಕೂದಲೆಳೆ ಬಿರುಕುಗಳನ್ನು ಹಾಗೇ ಬಿಟ್ಟಿದ್ದೇವೆ. ಬಾಗಿಲ ಬಳಿ ನೆಲ ಸ್ವಲ್ಪ ಸವೆದು ತಗ್ಗಾಗಿದೆ, ಅದನ್ನೂ ಮುಟ್ಟಲಿಲ್ಲ.

ಕಂಬಗಳಿಗೆ ಪದರ ಪದರವಾಗಿ ಎನಾಮೆಲ್ ಬಳಿದಿದ್ದರು. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಚಾಕಲೇಟ್ ಬಣ್ಣ. ಬಿಸಿಗಾಳಿಯ ಮೆಷಿನ್ನಿನಿಂದ ಮೆತ್ತಗೆ ಮಾಡಿ ಕೆರೆದೆವು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಇಲ್ಲದೆ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆತ್ತನೆ ಇರುವಲ್ಲಿ ಅವಸರ ಮಾಡಿದರೆ ಹೂವಿನ ಎಸಳೇ ಹೋಗುತ್ತದೆ. ಹೊಳೆಯುವ ಪಾಲಿಶ್ ಹಾಕಿಸಲಿಲ್ಲ, ಎಣ್ಣೆ ಮಾತ್ರ. ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು, ಬೂದಿ ಸಾಕು. ಕಾಚಂಪುಳಿಯಲ್ಲೂ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ) ಉಜ್ಜಬಹುದು ಅಂತ ಒಬ್ಬರು ಹೇಳಿದರು. ಕಾಚಂಪುಳಿಯ ಈಗಿನ ರೇಟ್ ಗೊತ್ತಿದ್ದವರು ಆ ಮಾತು ಹೇಳುವುದಿಲ್ಲ.

ಗೋಡೆಯಿಂದ ಫೋಟೋ ಇಳಿಸಿದಾಗ ಒಂದೊಂದರ ಹಿಂದೆಯೂ ಚೌಕಾಕಾರದ ಬೆಳ್ಳನೆ ಜಾಗ. ಗುಂಪು ಫೋಟೋದ ಹಿಂದಿನ ರಟ್ಟಿನಲ್ಲಿ ಪೆನ್ಸಿಲ್ಲಿನಿಂದ ಎಲ್ಲರ ಹೆಸರು ಬರೆದಿತ್ತು, ಯಾರು ಯಾರ ಮಗ ಅಂತ ಸಹಿತ. ಫ್ರೇಮ್ ಅಂಗಡಿಯವರು ಹಳೆ ರಟ್ಟನ್ನು ಸುಮ್ನೆ ಎಸೆದುಬಿಡುತ್ತಾರೆ. ಮೊದಲೇ ಹೇಳಿ ವಾಪಸ್ ತೆಗೆದುಕೊಳ್ಳಿ. ಹೊಸ ಗಾಜು ಹಾಕಿಸುವ ಮೊದಲು ಸ್ಕ್ಯಾನ್ ಮಾಡಿಸಿ.

ಕೊಂಬು, ಕೋವಿಯ ಬಗ್ಗೆ ಹೇಳಲೇಬೇಕು. ಅಜ್ಜಂದಿರ ಕಾಲದ್ದು ಅಂದ ಮಾತ್ರಕ್ಕೆ ಕಾಟಿಯ ಕೊಂಬು, ಕಡವೆಯ ಕೊಂಬು ಗೋಡೆಯಲ್ಲಿ ಇರಬಹುದು ಅಂತ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಡೆತನದ ಪತ್ರ ಬೇಕು. 2003ರಲ್ಲಿ ಘೋಷಿಸಿಕೊಳ್ಳಲು ಒಂದು ಅವಕಾಶ ಕೊಟ್ಟಿದ್ದರು. ಕಾಟಿಯ ಕೊಂಬಿನ ಪತ್ರ ಅಜ್ಜನ ಟ್ರಂಕಿನಲ್ಲಿ ಸಿಕ್ಕಿತು. ಕಡವೆ ಕೊಂಬಿಗೆ ಏನೂ ಸಿಗಲಿಲ್ಲ. ವಕೀಲರನ್ನು ಕೇಳಿ, ಇಲಾಖೆಗೆ ಒಪ್ಪಿಸಿ, ರಸೀದಿ ತೆಗೆದುಕೊಂಡೆವು. ಬೇಜಾರಾಯಿತು, ಆದರೂ ಪತ್ರ ಇಲ್ಲದ ಕೊಂಬಿನ ಮುಂದೆ ನಿಂತು ಸೆಲ್ಫಿ ಹಾಕಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ. ಕೋವಿಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಆದರೆ ವಿನಾಯಿತಿ ಪತ್ರ ಯಾರ ಹೆಸರಲ್ಲಿದೆ ನೋಡಿಕೊಳ್ಳಿ.

ಖರ್ಚು ಎಲ್ಲ ಸೇರಿ ಸುಮಾರು 14 ಲಕ್ಷ. ಅರ್ಧಕ್ಕಿಂತ ಜಾಸ್ತಿ ಮಾಡಿಗೇ ಹೋಯಿತು. ವಯರಿಂಗ್‌ಗೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು. ಹಳೆ ಮರದ ಪಟ್ಟಿಯೊಳಗಿನ ತಂತಿಗಳನ್ನು ಇಲಿ ಕಚ್ಚಿತ್ತು. ಇಷ್ಟು ದಿನ ಬೆಂಕಿ ಹತ್ತದಿದ್ದದ್ದೇ ಪುಣ್ಯ. ಸುಣ್ಣದ ಕೆಲಸಕ್ಕೆ ಮೇಸ್ತ್ರಿ ಸಿಗುವುದು ಕಷ್ಟ, ಸಿಕ್ಕಿದರೆ ಕೂಲಿಗೆ ಚೌಕಾಸಿ ಮಾಡಬೇಡಿ. ಅಂದಾಜಿನ ಮೇಲೆ ಕಾಲುಭಾಗ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಹಳೆ ಮನೆಯಲ್ಲಿ ಒಂದು ಹಲಗೆ ಎತ್ತಿದರೆ ಕೆಳಗೆ ಇನ್ನೊಂದು ಕೆಲಸ ಇರುತ್ತದೆ.

ಮಳೆಗಾಲ ಬಂತು. ಅಡುಗೆಮನೆಯ ಒಂದು ಮೂಲೆಯಲ್ಲಿ ಸ್ವಲ್ಪ ಸೋರಿತು, ಕೋಡು ಹೆಂಚು ಸರಿಸಿದ್ದಕ್ಕೆ ನಿಂತಿತು. ಈಗ ವಾಟ್ಸಾಪ್ ಗುಂಪಿನಲ್ಲಿ ಪಾಳಿ ಹಾಕಿದ್ದೇವೆ. ಊರಿನಲ್ಲಿರುವವರು ವಾರಕ್ಕೆರಡು ಸಲ ಬಾಗಿಲು, ಕಿಟಕಿ ತೆರೆದು, ಸೌದೆ ಒಲೆ ಹಚ್ಚಿ, ದೀಪ ಇಟ್ಟು ಬರಬೇಕು. ದೂರದಲ್ಲಿರುವವರು ಅದಕ್ಕೆ ತಿಂಗಳಿಗಿಷ್ಟು ಅಂತ ಕೊಡಬೇಕು. ಹೋಂಸ್ಟೇ ಮಾಡಿ ಅಂತ ಕೆಲವರು ಹೇಳಿದರು. ಕನ್ನಿಕೊಂಬರೆ ಇರುವ ಮನೆಯಲ್ಲಿ ಬೇಡ ಅಂತ ಬಲ್ಯಪ್ಪ ಅಂದರು, ಯಾರೂ ಎದುರು ಮಾತಾಡಲಿಲ್ಲ.

ಎದುರು ಮಾತು ಇರುವುದು ಬಚ್ಚಲಿನ ಬಗ್ಗೆ. ಅದು ಈಗಲೂ ಮನೆಯ ಹಿಂದೆ, ಮಳೆಯಲ್ಲಿ ಕೊಡೆ ಹಿಡಿದು ಹೋಗಬೇಕು. ಒಳಗೆ ಮಾಡಿದರೆ ಮಣ್ಣಿನ ಗೋಡೆಗೆ ನೀರು ತಾಗುತ್ತದೆ ಅಂತ ನನ್ನ ವಾದ. ಎಪ್ಪತ್ತು ದಾಟಿದವರು ರಾತ್ರಿ ಕೆಸರಿನಲ್ಲಿ ಜಾರಿ ಬಿದ್ದರೆ ನಿನ್ನ ಗೋಡೆ ಎತ್ತಿ ಕೂರಿಸುತ್ತಾ ಅಂತ ಬಲ್ಯವ್ವನ ವಾದ. ಬರುವ ಕೈಲ್‌ಪೊಳ್ದ್ ಸಭೆಗೆ ವಿಷಯ ಬರುತ್ತದೆ. ಹಿಂದಿನ ಬಚ್ಚಲನ್ನು ಇಟ್ಟಿಗೆಯಲ್ಲಿ ಬೇರೆಯಾಗಿ ಕಟ್ಟಿ, ನಡುವೆ ಮಾಡು ಹೊದಿಸಿದ ದಾರಿ ಮಾಡಿದರೆ ಎರಡೂ ಆಗುತ್ತದೆ ಅಂತ ಆಚಾರಿ ಒಂದು ಚಿತ್ರ ಬರೆದುಕೊಟ್ಟಿದ್ದಾರೆ. ಅದಕ್ಕೆ ಎಷ್ಟು ಹೆಂಚು ಬೇಕು ಅಂತ ಬಲ್ಯವ್ವ ಆಗಲೇ ಕೇಳಿಕೊಂಡಿದ್ದಾರೆ.